ಹುಡುಗ ತುಂಬಾ ಸಾಫ್ಟ್

ಕೋಲಾರದ ಒಂದು ಸೀರೆ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೇನೆ. ಬೆಳಿಗ್ಗೆ ಶಟರ್ ಎತ್ತಿದ ಹೊತ್ತಿನಿಂದ ನನ್ನ ಬಾಯಲ್ಲಿ ಹೆಚ್ಚಾಗಿ ಬರುವ ಮಾತು ‘ಸಾಫ್ಟ್’. ದೇವರ ಹೆಸರನ್ನೂ ನಾನು ಅಷ್ಟು ಸಲ ಹೇಳುವುದಿಲ್ಲ. ಮೃದು ಎಂದರೆ ಗಿರಾಕಿಗೆ ಪಾಠ ಓದಿದಂತೆ ಕೇಳಿಸುತ್ತದೆ, ಮೆತ್ತಗೆ ಎಂದರೆ ಹಾಸಿಗೆ ಮಾರುವವಳ ಮಾತಾಗುತ್ತದೆ. ಅದಕ್ಕೇ ಸಾಫ್ಟ್. ಆಂಧ್ರದ ಗಡಿಯ ಕಡೆಯಿಂದ ಬರುವ ತೆಲುಗು ಮಾತಿನ ಅಜ್ಜಿಯೂ ಸೆರಗನ್ನು ಬೆರಳಲ್ಲಿ ಉಜ್ಜಿ, “ಸಾಫ್ಟ್‌ಗಾ ಉಂದಾ ಅಮ್ಮಾ?” ಅಂತಲೇ ಕೇಳುತ್ತಾಳೆ.

ನಮ್ಮ ಜಿಲ್ಲೆಯಲ್ಲಿ ಈ ಮಾತು ಹೊಗದ ಜಾಗವಿಲ್ಲ. ಇಡ್ಲಿ ಸಾಫ್ಟ್ ಅಂದರೆ ಹೊಗಳಿಕೆ. ಟೊಮೆಟೊ ಸಾಫ್ಟ್ ಅಂದರೆ ಮಂಡಿಯಲ್ಲಿ ಮುಖ ಸಿಂಡರಿಸುತ್ತಾರೆ. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರು ಉಳಿಯ ಮಾತು ಕೇಳುವ ಕಲ್ಲನ್ನು ಸಾಫ್ಟ್ ಅನ್ನುತ್ತಾರೆ. ಕಲ್ಲೇ ಸಾಫ್ಟ್ ಆದಮೇಲೆ ಮನುಷ್ಯ ಯಾವ ಲೆಕ್ಕ? ಗಂಡು ಹುಡುಕುವ ಮನೆಗಳಲ್ಲಂತೂ ಈಗ ಬೇರೆ ಮಾತೇ ಇಲ್ಲ. ಹಿಂದೆ ಸಾಧು, ಗುಣವಂತ, ಹಸುವಿನಂಥವನು ಅನ್ನುತ್ತಿದ್ದರು. ಈಗ ಅವನ್ನೆಲ್ಲ ಒಟ್ಟಿಗೆ ಸೇರಿಸಿ ‘ಹುಡುಗ ಸಾಫ್ಟ್’ ಅಂದುಬಿಡುತ್ತಾರೆ.

ಅಂಗಡಿಯ ಗುಟ್ಟೊಂದನ್ನು ಹೇಳಿಬಿಡುತ್ತೇನೆ, ನಮ್ಮ ಮಾಲೀಕರ ಕಿವಿಗೆ ಬೀಳದಿದ್ದರೆ ಸಾಕು. ಸೀರೆಯ ಬಣ್ಣ ನಿಲ್ಲುವಂಥದ್ದಾದರೆ ಬಣ್ಣದ ಮಾತಾಡುತ್ತೇವೆ. ಜರಿ ಚೆನ್ನಾಗಿದ್ದರೆ ಜರಿಯನ್ನು ಬೆಳಕಿಗೆ ಹಿಡಿಯುತ್ತೇವೆ. ಬಣ್ಣವೂ ಇಲ್ಲ, ಜರಿಯೂ ಇಲ್ಲ, ಬಾಳಿಕೆಯ ಬಗ್ಗೆ ಬಾಯಿ ಬಿಡುವ ಹಾಗಿಲ್ಲ ಎಂದಾಗ ಮಾತ್ರ ಸೆರಗನ್ನು ಗಿರಾಕಿಯ ಕೈಗೆ ಸೋಕಿಸಿ, “ನೋಡಿ ಮೇಡಂ, ಎಷ್ಟು ಸಾಫ್ಟ್” ಅನ್ನುತ್ತೇವೆ. ಅದು ಸುಳ್ಳಲ್ಲ. ಮಿಕ್ಕದ್ದನ್ನು ಹೇಳಿರುವುದಿಲ್ಲ, ಅಷ್ಟೆ. ಇಷ್ಟು ತಿಳಿದಿದ್ದ ನಾನೇ ತಂಗಿಯ ವಿಷಯದಲ್ಲಿ ಆ ಮಾತನ್ನು ಕೇಳಿ ತಲೆಯಾಡಿಸಿಕೊಂಡು ಬಂದೆನಲ್ಲ, ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಮಾಲೂರು ತಾಲ್ಲೂಕಿನ ಲಕ್ಕೂರಿನ ಹತ್ತಿರ ನಮ್ಮ ತವರು. ಅಪ್ಪನಿಗೆ ಸ್ವಲ್ಪ ಜಮೀನಿದೆ. ರಾಗಿ, ತರಕಾರಿ ಬೆಳೆಯುತ್ತಾರೆ. ಅವರು ಮಾತಾಡಿದರೆ ಬದುವಿನಾಚೆ ಮೇಯುವ ಎಮ್ಮೆ ತಿರುಗಿ ನೋಡುತ್ತದೆ. ಸಾರಿಗೆ ಉಪ್ಪು ಕಮ್ಮಿಯಾದರೂ ಕೂಗು, ಜಾಸ್ತಿಯಾದರೂ ಕೂಗು, ಸರಿಯಾಗಿದ್ದರೆ ಸರಿಯಾಗಿದೆ ಎಂದು ಕೂಗು. ಆದರೆ ಹಾಲು ಉಕ್ಕಿದ ಹಾಗೆ, ಇಳಿದರೆ ಇಳಿಯಿತು. ಒಂದು ದಿನವೂ ಅಮ್ಮನ ಮೇಲಾಗಲೀ ನಮ್ಮ ಮೇಲಾಗಲೀ ಕೈ ಎತ್ತಿದವರಲ್ಲ. ಆ ಗಂಟಲು ನನಗೆ ಬಂದಿದೆ, ತಂಗಿಗೆ ಬಂದಿಲ್ಲ. ಅವಳು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಅಪ್ಪ ಕೂಗಲು ಶುರುಮಾಡಿದರೆ ಹೊಲಿಗೆ ಮಿಷನ್ನನ್ನು ಇನ್ನೂ ಜೋರಾಗಿ ತುಳಿದು ಆ ಸದ್ದಿನೊಳಗೆ ಅಡಗಿಕೊಳ್ಳುತ್ತಿದ್ದಳು.

“ಅಕ್ಕಾ, ನಂಗೆ ಕೂಗಾಡೋನು ಬೇಡ ಕಣೇ,” ಎಂದು ಗಂಡು ಹುಡುಕಲು ಶುರುಮಾಡಿದಾಗಲೇ ಹೇಳಿದ್ದಳು. “ಕಪ್ಪಗಿರ್ಲಿ, ಕುಳ್ಳಗಿರ್ಲಿ. ಸಾಫ್ಟ್ ಆಗಿದ್ರೆ ಸಾಕು.”

ನಮ್ಮ ಸೋದರಮಾವ ತಂದ ಸಂಬಂಧ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಹುಡುಗನ ಊರು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ರಾಯಲ್ಪಾಡಿನಿಂದ ಇನ್ನೂ ಒಳಗೆ. ಮಾವಿನ ತೋಪಿದೆ, ಮುಳಬಾಗಿಲಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆಯಿದೆ. ತಂದೆ ಇಲ್ಲ, ಮನೆಯಲ್ಲಿ ತಾಯಿ ಮಗ ಇಬ್ಬರೇ. ತಾಯಿಯನ್ನು ಮನೆಯಲ್ಲೇ ಬಿಟ್ಟು ಹೆಣ್ಣು ನೋಡಲು ಬಂದಾಗ ಅವನು ಆಡಿದ ಮಾತು ಪಕ್ಕದಲ್ಲಿ ಕೂತ ಅಪ್ಪನಿಗೆ ಕೇಳಿಸಲಿಲ್ಲ. ತಂಗಿ ಕಾಫಿ ಲೋಟ ಇಡುವಾಗ ಸ್ವಲ್ಪ ತುಳುಕಿತು. “ಪರ್ವಾಗಿಲ್ಲ ಬಿಡಿ,” ಎಂದು ಮೆಲ್ಲಗೆ ಹೇಳಿ ತನ್ನ ಕರ್ಚೀಫಿನಿಂದಲೇ ಒರೆಸಿದ. ಆ ಒಂದು ಮಾತಿಗೆ ತಂಗಿ ಬಿದ್ದುಹೋದಳು. ಅಪ್ಪನಾಗಿದ್ದರೆ ಆ ತುಳುಕಿದ ಕಾಫಿಗೆ ಊರು ಸೇರುತ್ತಿತ್ತು.

ಆದರೂ ವಿಚಾರಿಸಬೇಕಲ್ಲ. ನಮ್ಮ ಕಡೆ ಗಂಡಿನ ಊರಿಗೆ ಹೋಗಿ ನಾಲ್ಕು ಜನರನ್ನು ಕೇಳದೆ ಹೆಣ್ಣು ಕೊಡುವುದಿಲ್ಲ. ಆ ಕೆಲಸಕ್ಕೆ ಮಾವನೂ ನಾನೂ ಹೋದೆವು. ಮುಳಬಾಗಿಲಿನಲ್ಲಿ ಅವನ ಕಚೇರಿಯ ಎದುರಿನ ಟೀ ಅಂಗಡಿಯವನು ಲೋಟ ತೊಳೆಯುತ್ತಲೇ, “ಸಾಫ್ಟ್ ಮನುಷ್ಯ,” ಎಂದ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು, “ಜೋರಾಗಿ ಒಂದ್ ಮಾತಾಡಿದ್ದು ನಾವ್ ಕೇಳಿಲ್ಲ. ತುಂಬಾ ಸಾಫ್ಟ್,” ಎಂದು ಹೇಳಿ ಕೈಗಡಿಯಾರ ನೋಡಿಕೊಂಡರು. ಅವನ ಊರಿನಲ್ಲಿ ಪಕ್ಕದ ಮನೆಯ ಹೆಂಗಸು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಹುಡುಗನ ಮನೆಯ ಬಾಗಿಲು ನೋಡಿದಳು, “ಸಾಫ್ಟ್ ಅಮ್ಮಾ ಆ ಅಬ್ಬಾಯಿ,” ಎಂದು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು. ಹಣ್ಣು ಇನ್ನೂ ಅರ್ಧವೂ ಬಿಡಿಸಿರಲಿಲ್ಲ.

ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಂಬಿದ ಜನ ನಾವು. ಕೂಡಿಬರುತ್ತಿರುವ ಸಂಬಂಧದ ಬಗ್ಗೆ ಕೆಟ್ಟದ್ದು ಆಡಿದರೆ ಮದುವೆ ಮುರಿದ ಪಾಪ ತಮ್ಮ ಮನೆಯ ಹೆಣ್ಣುಮಕ್ಕಳಿಗೆ ತಟ್ಟುತ್ತದೆ ಅನ್ನುತ್ತಾರೆ. ಹಾಗಾಗಿ ಯಾರೂ ಕೆಟ್ಟದ್ದು ಹೇಳುವುದಿಲ್ಲ. ಯಾವ ಒಳ್ಳೆಯದನ್ನು ಹೇಳದೆ ಬಿಟ್ಟರು ಎಂದು ನೋಡಬೇಕು. ಕಷ್ಟಕ್ಕಾಗುತ್ತಾನೆ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ನಗುನಗುತ್ತಾ ಇರುತ್ತಾನೆ ಎಂದು ಒಬ್ಬರೂ ಹೇಳಿರಲಿಲ್ಲ. ನನಗೆ ಅದು ಹೊಳೆಯಲೇ ಇಲ್ಲ. ಮಾವ ಮಾತ್ರ ಬಸ್ಸಿನಲ್ಲಿ ನಗಾಡುತ್ತಾ, “ಮೆತ್ತನಿವಾಣ್ಣಿ ಚೂಸ್ತೆ ಮೊತ್ತಬುದ್ಧಿ ಅಂತಾರಲ್ಲ, ಮೆತ್ತಗಿರೋನ್ನ ಕಂಡ್ರೆ ಯಾರ್ಗಾದ್ರೂ ಹೊಡೀಬೇಕು ಅನ್ಸುತ್ತೆ. ನಿನ್ ತಂಗೀನೇ ಅವನ್ಗೆ ಎರಡು ಬಿಡ್ತಾಳೆ ನೋಡ್ತಿರು,” ಎಂದರು. ನಾನೂ ನಕ್ಕೆ.

ಮುಂದಿನದು ಗಂಡಿನ ಮನೆ ನೋಡುವ ಶಾಸ್ತ್ರ. ಇದರಲ್ಲಿ ನಮ್ಮವರದೊಂದು ಕಟ್ಟುನಿಟ್ಟಿದೆ. ಮಾತು ಗಟ್ಟಿಯಾಗುವವರೆಗೆ ಹೆಣ್ಣಿನ ಕಡೆಯವರು ಆ ಮನೆಯಲ್ಲಿ ಉಪ್ಪು ಬಿದ್ದದ್ದನ್ನು ಬಾಯಿಗಿಡುವುದಿಲ್ಲ. ಕಾಫಿ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು. ಊಟಕ್ಕೆ ಕೂತು ಕೈಯಿಟ್ಟರೆ ಹೆಣ್ಣು ಕೊಟ್ಟಂತೆಯೇ. ಉಂಡ ಮೇಲೆ ಬೇಡವೆಂದವರನ್ನು ಉಪ್ಪು ತಿಂದು ಮಾತು ತಪ್ಪಿದವರು ಎಂದು ಊರೂರಲ್ಲಿ ಆಡಿಕೊಳ್ಳುತ್ತಾರೆ. ಆಮೇಲೆ ಆ ಮನೆಯ ಹೆಣ್ಣನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಅಮ್ಮ ತಂಗಿಯ ಜೊತೆ ಮನೆಯಲ್ಲೇ ಉಳಿದಳು. ಅಪ್ಪ, ಮಾವ, ನಾನು ಹೊರಟೆವು. ಮೂರು ಜನ ಹೋಗಬಾರದೆಂದು ಅಪ್ಪ ಬಾಡಿಗೆ ಕಾರಿನ ಡ್ರೈವರನನ್ನೂ ಒಳಗೆ ಕರೆದು ಕುರ್ಚಿ ಹಾಕಿಸಿದರು.

ಮನೆ ಚೊಕ್ಕಟವಾಗಿತ್ತು. ಟೀವಿ ಓಡುತ್ತಿತ್ತು, ಸದ್ದಿರಲಿಲ್ಲ. ಹುಡುಗ ಕೈಮುಗಿದು, ನಗುಮುಖದಿಂದ ಕೂರಿಸಿದ. ಅಪ್ಪ ಎಂದಿನಂತೆ, “ತೋಪು ಎಷ್ಟು ದೂರ ಐತಪ್ಪಾ?” ಎಂದು ಶುರುಮಾಡಿದರು. ಅವರ ದನಿ ಆ ಗೋಡೆಗಳಿಗೆ ಬಡಿದು ವಾಪಸ್ಸು ಬಂತು. ಹುಡುಗ ಕಣ್ಣು ಮುಚ್ಚಿ, ತೆರೆದು, “ಹತ್ರಾನೇ ಇದೆ ಮಾವ,” ಎಂದ. ಅಷ್ಟೇ. ಆಮೇಲೆ ನೋಡುತ್ತೇನೆ, ಅಪ್ಪ ಪಿಸುಗುಟ್ಟುತ್ತಿದ್ದಾರೆ. ನನ್ನಪ್ಪ ಪಿಸುಗುಟ್ಟಿದ್ದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ನೋಡಿದ್ದು.

ಹುಡುಗನ ತಾಯಿಗೆ ನೆರವಾಗೋಣವೆಂದು ನಾನು ಎದ್ದೆ. ಕೈಬಳೆ ಗಲ್ಲೆಂದವು. ಹುಡುಗ ನನ್ನ ಕಡೆ ತಿರುಗಿ ನಕ್ಕ. “ಅಕ್ಕಾ, ನಿಮ್ ಬಳೆ ಸ್ವಲ್ಪ ಸದ್ದು ಜಾಸ್ತಿ,” ಎಂದ. ತಮಾಷೆಯೇನೋ ಎಂದು ನಾನೂ ನಕ್ಕೆ. “ನಿಮ್ ತಂಗಿ ಅವತ್ತು ಹೊಲಿಗೆ ಮಿಷನ್ ತರ್ತೀನಿ ಅಂತಿದ್ರು. ಬೇಡ ಅಂತ ಹೇಳ್ಬಿಡಿ. ಮನೇಲಿ ಸದ್ದಾಗುತ್ತೆ.” ದನಿ ಒಂದಿಷ್ಟೂ ಏರಲಿಲ್ಲ.

ಅಡುಗೆಮನೆಯಲ್ಲಿ ತಾಯಿ ಒಬ್ಬಟ್ಟು ಬೇಯಿಸುತ್ತಿದ್ದಳು. ಬಟ್ಟೆ ಮಾರುವವಳ ಕಣ್ಣು ಮೊದಲು ಬಟ್ಟೆಯ ಮೇಲೇ ಬೀಳುತ್ತದೆ. ಸ್ಟ್ಯಾಂಡಿನಲ್ಲಿ ಜೋಡಿಸಿದ ಒಂದೊಂದು ಸ್ಟೀಲ್ ತಟ್ಟೆಯ ನಡುವೆಯೂ ಹಳೆಯ ಸೀರೆಯ ತುಂಡು. ಲೋಟಗಳ ಕೆಳಗೆ ಬಟ್ಟೆ. ಬಾಗಿಲ ಅಗುಳಿಗೆ ಬಟ್ಟೆ ಸುತ್ತಿತ್ತು. ಕಿಟಕಿಯಾಚೆ ಕಟ್ಟಿದ್ದ ಕರುವಿನ ಕೊರಳ ಗಂಟೆಗೂ ಬಟ್ಟೆ ತುರುಕಿತ್ತು. ಒಗೆದು ಒಗೆದು ತೆಳ್ಳಗಾದ ಹತ್ತಿ ಬಟ್ಟೆ, ಎಷ್ಟೋ ವರ್ಷದ್ದು.

ನಾನು ಸಾರಿನ ಪಾತ್ರೆಯನ್ನು ಸರಿಸಲು ಹೋದೆ, ಕೈ ತಗುಲಿ ಸೌಟು ಕೆಳಗೆ ಬಿತ್ತು. ಕಡಪ ಕಲ್ಲಿನ ನೆಲ, ಕಬ್ಬಿಣದ ಸೌಟು. ಠಣ್ಣೆಂದು ಎರಡು ಸಲ ಪುಟಿಯಿತು. ತಾಯಿ ಅದರ ಮೇಲೆ ಬಿದ್ದು ಎರಡೂ ಕೈಯಿಂದ ಒತ್ತಿ ಹಿಡಿದಳು. ಆಮೇಲೆ ಕೂತಲ್ಲೇ ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಹೊಡೆತ ತಿಂದು ಅಭ್ಯಾಸವಾದವರು ಹಿಡಿಯುತ್ತಾರಲ್ಲ, ಹಾಗೆ. ಅಡುಗೆಮನೆಯಲ್ಲಿ ಇದ್ದದ್ದು ನಾನೊಬ್ಬಳೇ. ಹೊಡೆಯುವವರು ಯಾರೂ ಇರಲಿಲ್ಲ.

ನಡುಮನೆಯಿಂದ ಒಂದು ದನಿ ಬಂತು. “ಅಮ್ಮಾ.”

“ಏಮೀ ಲೇದು ನಾಯ್ನಾ, ಏಮೀ ಲೇದು,” ಎಂದಳು ತಾಯಿ. ಏನೂ ಇಲ್ಲಪ್ಪ, ಏನೂ ಇಲ್ಲ. ನನ್ನ ಕಡೆ ನೋಡಿ, ನಾನು ಕೇಳದಿದ್ದರೂ, “ಮಾ ವಾಡು ಶಾನಾ ಸಾಫ್ಟ್ ಅಮ್ಮಾ,” ಎಂದಳು. ನಮ್ಮವನು ತುಂಬಾ ಸಾಫ್ಟು. ಅಂಗಡಿಯಲ್ಲಿ ನಾನು ಸೆರಗು ಹಿಡಿದು ಹೇಳುವಾಗ ನನ್ನ ಮುಖವೂ ಹೀಗೇ ಇರುತ್ತದೇನೋ ಅನ್ನಿಸಿತು.

ನಾನು ನಡುಮನೆಗೆ ಬರುವಷ್ಟರಲ್ಲಿ ಎಲೆ ಹಾಕಿಯಾಗಿತ್ತು. ಮಾತೆಲ್ಲ ಮುಗಿದಿತ್ತು. ಮಾವ ಹಿಂದಿನ ದಿನವೇ ಫೋನಿನಲ್ಲಿ, ನಮ್ಮ ಕಡೆಯಿಂದ ಒಪ್ಪಿಗೆಯೇ ಅಂದುಕೊಳ್ಳಿ, ಅಡುಗೆ ಮಾಡಿಸಿ ಎಂದಿದ್ದರಂತೆ. ಅಪ್ಪ ಕೈ ತೊಳೆದು ಎಲೆಯ ಮುಂದೆ ಕೂತಿದ್ದರು. ಎಲೆಯ ತುದಿಗೆ ಉಪ್ಪು ಬಿದ್ದಿತ್ತು, ಕೋಸಂಬರಿ ಬಿದ್ದಿತ್ತು, ಪಲ್ಯ ಬಿದ್ದಿತ್ತು. ಡ್ರೈವರ್ ಪಾಪ ಯಾವ ಶಾಸ್ತ್ರವೂ ತಿಳಿಯದೆ ಕೋಸಂಬರಿ ಬಾಯಿಗೆ ಹಾಕಿಕೊಂಡಿದ್ದ. ಅವನ ಊಟ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿದ್ದದ್ದು ಅಪ್ಪನ ಕೈ.

ಅಪ್ಪನಿಗೆ ಹೇಗೆ ಹೇಳುವುದು? ಬೇರೆ ಮನೆಯಾಗಿದ್ದರೆ ಬಗ್ಗಿ ಕಿವಿಯಲ್ಲಿ ಊದಬಹುದಿತ್ತು. ಆ ಮನೆಯಲ್ಲಿ ಪಿಸುಮಾತು ಕೂಡ ಎಲ್ಲರಿಗೂ ಕೇಳುತ್ತಿತ್ತು. ಕಣ್ಣು ಮಾಡಿದೆ, ಅಪ್ಪ ಎಲೆ ನೋಡುತ್ತಿದ್ದರು. ಕೆಮ್ಮಿದೆ, ಹುಡುಗ ನನ್ನ ಕಡೆ ನೋಡಿದ. ತಾಯಿ ಒಬ್ಬಟ್ಟಿನ ತಟ್ಟೆ ಹಿಡಿದು ಬಂದಳು. ಅಪ್ಪ ಎಲೆಯ ಸುತ್ತ ನೀರು ಬಿಟ್ಟರು, ಕೈ ಎಲೆಯ ಕಡೆ ಹೋಯಿತು. ಮನೆಯಲ್ಲಿ ಮಿಷನ್ ತುಳಿಯುತ್ತಾ ಫೋನಿಗೆ ಕಾಯುತ್ತಿದ್ದ ತಂಗಿ ನನ್ನ ಕಣ್ಣ ಮುಂದೆ ಬಂದಳು. ಆ ಮೊಣಕೈ ಅವಳದಾಗುತ್ತದೆ ಅನ್ನಿಸಿತು. ನಾನು ಹೋಗಿ ಅಪ್ಪನ ಮಣಿಕಟ್ಟು ಹಿಡಿದುಬಿಟ್ಟೆ.

“ಅಪ್ಪಾ, ಏಳಿ. ನಾವಿಲ್ಲಿ ಊಟ ಮಾಡಲ್ಲ.”

ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು. ಮಾವನ ಬಾಯಿ ತೆರೆದೇ ಇತ್ತು. ಎಲೆಯ ಮುಂದಿನಿಂದ ಎಬ್ಬಿಸುವುದೆಂದರೆ ಸಾವಿನ ಮನೆಯಲ್ಲೂ ಮಾಡದ ಅವಮಾನ. ಹುಡುಗ ಎದ್ದು ನಿಲ್ಲಲಿಲ್ಲ. ಅದೇ ನಗುಮುಖದಲ್ಲಿ, ಅದೇ ದನಿಯಲ್ಲಿ ಕೇಳಿದ.

“ಯಾಕಕ್ಕಾ? ನಮ್ಮಮ್ಮ ಏನಾದ್ರೂ ಹೇಳಿದ್ರಾ?”

ತಾಯಿ ಒಬ್ಬಟ್ಟಿನ ತಟ್ಟೆಯೊಂದಿಗೆ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತಳು. ಇವನು ನಮ್ಮನ್ನು ಕೇಳುತ್ತಿಲ್ಲ, ಅವಳಿಗೆ ಹೇಳುತ್ತಿದ್ದಾನೆ ಎಂದು ನನಗೆ ಅರ್ಥವಾಯಿತು. ನಾನು ಕಂಡದ್ದನ್ನು ಆಡಿದರೆ ನಾವು ಕಾರು ಹತ್ತಿ ಹೋಗುತ್ತೇವೆ, ಉಳಿಯುವವಳು ಅವಳು. ಬಾಯಿಗೆ ಬಂದ ಸುಳ್ಳು ಹೇಳಿದೆ.

“ನಿಮ್ಮಮ್ಮ ಒಂದು ಮಾತೂ ಆಡಿಲ್ಲ. ಈ ಕೊಂಪೆಗೆ ನನ್ ತಂಗೀನ ಕೊಡಲ್ಲ. ಬಸ್ಸಿಲ್ಲ, ಬೀದಿಯಿಲ್ಲ, ಯಾವ ಮುಖಕ್ಕೆ ಇಂಥ ಮನೆಗೆ ಹೆಣ್ಣು ಕೇಳೋಕೆ ಬಂದ್ರಿ?”

ಎಷ್ಟು ಕೀಳಾಗಿ ಆಡಬಹುದೋ ಅಷ್ಟು ಆಡಿದೆ. ಅವನ ಸಿಟ್ಟೆಲ್ಲ ನನ್ನ ಮೇಲೆ ಬರಲಿ ಎಂದು. ಮಾವ, “ಏಯ್, ತಲೆ ಕೆಟ್ಟಿದೆಯೇನೇ ನಿಂಗೆ?” ಎಂದರು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಕೂಗುತ್ತಾರೆ ಎಂದುಕೊಂಡೆ. ಕೂಗಲಿಲ್ಲ. ನೆಲಕ್ಕೆ ಕೈಯೂರಿ ಎದ್ದು, ಹೆಗಲ ಟವೆಲ್ ಸರಿಮಾಡಿಕೊಂಡು ಹೊರಗೆ ನಡೆದರು. ನಾವು ಅಂಗಳ ದಾಟುವಾಗ ಹಿಂದೆ ಬಾಗಿಲು ಮುಚ್ಚಿದ್ದು ಕೂಡ ಕೇಳಲಿಲ್ಲ. ತಿರುಗಿ ನೋಡಿದರೆ ಮುಚ್ಚಿತ್ತು.

ಕಾರಿನಲ್ಲಿ ಮಾವ ನನ್ನನ್ನು ಬೈದದ್ದು ಬೈದದ್ದೇ. ಇನ್ನು ಆ ಕಡೆ ತಲೆಯೆತ್ತಿಕೊಂಡು ಓಡಾಡುವ ಹಾಗಿಲ್ಲ, ಸದ್ದು ಆಗದಿದ್ದರೆ ಅವನೇನು ಕೊಲೆಗಾರನೇ, ಕೆಲವರಿಗೆ ತಲೆನೋವು ಇರುತ್ತದೆ ಎಂದರು. ನಾನು ಮೊಣಕೈಯ ವಿಷಯ ಹೇಳಿದೆ. ಮಾವ ಕಾರಿನ ಗಾಜು ಇಳಿಸಿ ಹೊರಗೆ ಮುಖ ಮಾಡಿದರು. ಅಪ್ಪ ಬಹಳ ದೂರ ಬಂದ ಮೇಲೆ, “ಆ ಮನೇಲಿ ನನ್ ಗಂಟ್ಲೇ ಬಿಡ್ಲಿಲ್ಲ ಕಣಮ್ಮ,” ಎಂದರು. ಅಪ್ಪನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ನಮ್ಮಲ್ಲಿ ಅದು ಅಭ್ಯಾಸವಿಲ್ಲ.

ತಂಗಿ ಅತ್ತಳು. ಅವನು ಕಾಫಿ ಒರೆಸಿದ್ದನ್ನು ಹೇಳಿ ಹೇಳಿ ಅತ್ತಳು. ನಾನು ತಟ್ಟೆಗಳ ನಡುವಿನ ಬಟ್ಟೆಯನ್ನು, ಕರುವಿನ ಗಂಟೆಯನ್ನು, ಸೌಟನ್ನು ಒಂದೂ ಬಿಡದೆ ಹೇಳಿದೆ. ಅವಳ ಅಳು ನಿಂತಿತು. ನನ್ನನ್ನು ಕಾಪಾಡಿದೆ ಕಣೇ ಅಕ್ಕಾ ಅನ್ನುತ್ತಾಳೆ ಎಂದು ಕಾದೆ. ಸುಳ್ಳೇಕೆ, ಆ ಮಾತು ಬೇಕೆನಿಸಿತ್ತು.

“ಹಾಗಾದ್ರೆ ಆ ಅಮ್ಮ?” ಎಂದಳು. “ಅಷ್ಟೆಲ್ಲ ನೋಡಿ, ಅವ್ರನ್ನ ಅಲ್ಲೇ ಬಿಟ್ಟು ಬಂದ್ಯಾ?”

ಮಾರನೆಯ ದಿನ ಅಂಗಡಿಗೆ ರಜೆ ಹೇಳಿ, ಅವನು ಕಚೇರಿಯಲ್ಲಿರುವ ಹೊತ್ತು ನೋಡಿಕೊಂಡು, ನಾವಿಬ್ಬರೂ ಬಸ್ಸು ಹತ್ತಿದೆವು. ಹೋಗಿ ಏನು ಮಾಡುತ್ತೇವೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಬೇಕಾದರೆ ನಮ್ಮ ಮನೆಗೇ ಕರೆದುಕೊಂಡು ಬರೋಣ ಎಂದು ತಂಗಿ ದಾರಿಯುದ್ದಕ್ಕೂ ಹೇಳುತ್ತಿದ್ದಳು.

ತಾಯಿ ಬಾಗಿಲನ್ನು ಒಂದು ಗೇಣು ತೆರೆದಳು. ಬಲಗೈ ಸೆರಗಿನೊಳಗಿತ್ತು, ಹೊರಗೆ ತೆಗೆಯಲಿಲ್ಲ. “ಎಂದುಕೊಸ್ತಿರಿ?” ಎಂದಳು. ಯಾಕೆ ಬಂದಿರಿ? ಅವಳ ನಿಜವಾದ ದನಿ ನಾನು ಆಗ ಕೇಳಿದ್ದು, ಅಪ್ಪನದಷ್ಟೇ ದೊಡ್ಡದು.

“ಅಮ್ಮಾ, ಕೈಗೆ ಏನಾಯ್ತು?” ಎಂದೆ. ಅವಳು ತಂಗಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಇವಳೇನಾ ಎಂದು ಕಣ್ಣಲ್ಲೇ ಕೇಳಿದಳು. ಹೌದೆಂದು ತಲೆಯಾಡಿಸಿದೆ. ತಂಗಿ ಮುಂದೆ ಹೋಗಿ, “ನಮ್ ಜೊತೆ ಬಂದ್ಬಿಡಿ ಅಮ್ಮಾ. ನಮ್ಮನೇಲಿ ಇರೀರಂತೆ,” ಎಂದಳು.

ತಾಯಿ ಅವಳ ಗಲ್ಲ ಮುಟ್ಟಿದಳು, ಎಡಗೈಯಲ್ಲಿ. ಪ್ರೀತಿಯಿಂದಲೇ ಮುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಮೇಲೆ ಅವಳಿಗೆ ಎಷ್ಟು ಸಿಟ್ಟಿತ್ತೆಂದು ಆಗ ಕಂಡಿತು.

“ಇಂಕೊಕ ಪಿಲ್ಲ ಉಂಟೆ ಚೂಡಮ್ಮಾ,” ಎಂದಳು. ಇನ್ನೊಬ್ಬಳು ಹುಡುಗಿ ಇದ್ದರೆ ನೋಡಮ್ಮ. “ನೇನೊಕತೇ ಎನ್ನಾಳ್ಳು ಪಡೇದಿ?”

ನಾನೊಬ್ಬಳೇ ಇನ್ನೆಷ್ಟು ದಿನ ಪಾಡು ಪಡಲಿ ಎಂದು ಕೇಳಿ, ಬಾಗಿಲು ಹಾಕಿಕೊಂಡಳು.